ಕ್ಯಾಸೆಟ್ಟಿನ ಸೊಸೆ

ನಮ್ಮ ಮದುವೆಯ ಕ್ಯಾಸೆಟ್ಟು ಕೈಗೆ ಬಂದಾಗ ಮದುವೆಯಾಗಿ ಎರಡು ತಿಂಗಳಾಗಿತ್ತು. ತೊಂಬತ್ತರ ದಶಕದ ಕೊನೆಯ ಮಾತು. ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಟಿವಿ ಬಹಳ ಮನೆಗಳಲ್ಲಿ ಇದ್ದವು, ವಿಸಿಆರ್ ಯಾರ ಮನೆಯಲ್ಲೂ ಇರಲಿಲ್ಲ. ಒಂದು ದಿನದ ಬಾಡಿಗೆಗೆ ತಂದು ಓಣಿಯವರನ್ನೆಲ್ಲ ಕೂಡಿಸಿ ಹಚ್ಚಿದೆ.

ಸಿನಿಮಾ ಹಾಡು ಬಂತು. ಎರಡು ಕಮಲ ಅರಳಿದವು. ಒಂದರಲ್ಲಿ ನಾನು, ಇನ್ನೊಂದರಲ್ಲಿ ನನ್ನ ಹೆಂಡತಿ. ಅವಳ ಕಮಲದಲ್ಲಿ ಬಿಳಿ ಹಾರ ಕಂಡಿತು, ಮೂಗಿನ ನತ್ತು ಕಂಡಿತು, ನಕ್ಕಾಗ ಹಲ್ಲು ಕಂಡವು. ಮುಖ ಇರಬೇಕಾದ ಜಾಗದಲ್ಲಿ ಕಪ್ಪು.

"ಇದರಾಗ ನಾ ಎಲ್ಲಿದ್ದೀನ್ರಿ?" ಎಂದಳು ಅವಳು.

ನನ್ನ ಚಿಕ್ಕಮ್ಮ ಟಿವಿಗೆ ಬೆರಳು ಹಚ್ಚಿ ತೋರಿಸಿದಳು. "ಅಲ್ಲಿ ನೋಡವ್ವ, ಹಾರದ ಮ್ಯಾಲ ಮಸಿಗಡಿಗಿ ಇಟ್ಟಂಗ ಕಾಣ್ತದಲ್ಲ, ಅದೇ ನೀನು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ. ಜನ ಎದ್ದು ಹೋದ ಮೇಲೆ ಅದೇ ಜಾಗವನ್ನು ಮೂರು ಸಲ ಹಿಂದೆ ಸುತ್ತಿ ನೋಡಿದಳು.

"ಹಿಂದಿನ ಗ್ವಾಡಿ ಕಾಣ್ತದ. ಗ್ವಾಡಿ ಮ್ಯಾಲಿನ ಹಲ್ಲಿ ಕಾಣ್ತದ. ನಾ ಕಾಣಂಗಿಲ್ಲ."

"ನಾವ್ ಕರ್ರಗಿದ್ದೀವಿ. ಕ್ಯಾಮರಾ ಏನ್ ಮಾಡ್ತದ?"

"ನಿಮ್ಮ ಕಣ್ಣಿಗಿ ಕಾಣ್ತೀನಿಲ್ಲ? ಕಣ್ಣಿಗಿ ಕಾಣೋದು ಕ್ಯಾಮರಾಕ್ಕ ಯಾಕ ಕಾಣಂಗಿಲ್ಲ?"

ಇದಕ್ಕೆ ಉತ್ತರ ನನಗೆ ಗೊತ್ತಿತ್ತು. ನಾನು ಏಳನೆಯ ಕ್ಲಾಸಿಗೆ ಸಾಲೆ ಬಿಟ್ಟು ಮೈಕ್ ಸೆಟ್ಟಿನವರ ಜೊತೆ ತಿರುಗಿದವನು, ಆಮೇಲೆ ಮದುವೆ ಶೂಟಿಂಗಿನಲ್ಲಿ ಲೈಟ್ ಹಿಡಿದವನು. ಕ್ಯಾಮರಾದ ಕಣ್ಣು ಬಿಳಿ ಕಂಡರೆ ತಾನೇ ಕಿರಿದಾಗುತ್ತದೆ. ಬಿಳಿ ಅಂಗಿಯ ದೊಡ್ಡ ಮಂದಿ ಎದುರು ಬಂದರೆ ಅಂಗಿ ಸರಿಯಾಗಿ ಬರುತ್ತದೆ, ಪಕ್ಕದಲ್ಲಿರುವ ಕಪ್ಪು ಮುಖ ಮುಳುಗುತ್ತದೆ. ಬ್ಯಾಕ್‌ಲೈಟ್ ಎಂದು ಒಂದು ಬಟನ್ ಇರುತ್ತದೆ, ಒತ್ತಿದರೆ ಆ ಕಣ್ಣು ಅಗಲವಾಗುತ್ತದೆ. ಒತ್ತಿದರೆ ಅಂಗಿ ಉರಿದುಹೋಗುತ್ತದೆಂದು ಶೂಟಿಂಗಿನವರು ಯಾರೂ ಒತ್ತುತ್ತಿರಲಿಲ್ಲ. ಅಂಗಿಯವರು ಬೈಯುತ್ತಾರೆ. ಮುಖದವರು ಬೈಯುವುದಿಲ್ಲ. ಇಷ್ಟೇ ವಿಷಯ. ಅವಳಿಗೆ ಅವತ್ತು ಹೇಳಲಿಲ್ಲ.

ಮುಂದಿನ ವರ್ಷ ಹುಮನಾಬಾದದ ಒಬ್ಬ ಶೂಟಿಂಗಿನವನಿಂದ ಅವನ ಹಳೆಯ ಕ್ಯಾಮರಾ ಕೊಂಡೆ. ಹೆಗಲ ಮೇಲೆ ಇಟ್ಟುಕೊಳ್ಳುವಂಥದ್ದು, ದೊಡ್ಡ ಕ್ಯಾಸೆಟ್ಟು ಇಡಿಯಾಗಿ ಒಳಗೆ ಹೋಗುತ್ತಿತ್ತು. ನಾನೇ ಶೂಟಿಂಗ್ ಶುರು ಮಾಡಿದೆ. ಒಂದು ಸಾಬರ ಮನೆಯ ಮದುವೆ ಬಂತು. ಹುಡುಗಿಯ ತಂದೆ ನನಗೆ ಚಹಾ ಕುಡಿಸಿ ಸಂಕೋಚದಿಂದ ಹೇಳಿದರು.

"ನೋಡಪಾ, ಗಂಡಸರ ಕಡಿ ನೀ ತಗಿ. ಜನಾನಾ ಕಡಿ ನಿನಗ ಬಿಡಂಗಿಲ್ಲ. ಹೆಣ್ಣುಮಕ್ಕಳು ಬಿ ತಮಗ ಕ್ಯಾಸೆಟ್ ಬೇಕು ಅಂತ ಕುಂತಾರ. ಯಾರರ ಹೆಣ್ಣುಮಕ್ಕಳು ಶೂಟಿಂಗ್ ಮಾಡಾವ್ರು ಇದ್ದಾರೇನು?"

ಬಸವಕಲ್ಯಾಣದಲ್ಲಿ ಇರಲಿಲ್ಲ. ಹುಮನಾಬಾದದಲ್ಲೂ ನಾನು ಕೇಳಿರಲಿಲ್ಲ. "ಇದ್ದಾರ್ರಿ," ಎಂದುಬಿಟ್ಟೆ. ಮನೆಗೆ ಬಂದು ಹೆಂಡತಿಯ ಹೆಗಲ ಮೇಲೆ ಕ್ಯಾಮರಾ ಇಟ್ಟೆ.

ಅವಳು ಮುಡಬಿಯವಳು, ಪಿಯುಸಿ ತನಕ ಓದಿದವಳು. ನನಗೆ ಆರು ತಿಂಗಳು ಹಿಡಿದದ್ದನ್ನು ಮೂರು ದಿನದಲ್ಲಿ ಕಲಿತಳು. ಮೂರನೆಯ ದಿನ ಬ್ಯಾಕ್‌ಲೈಟ್ ಬಟನ್ ಸಿಕ್ಕಿತು. ಒತ್ತಿದಳು, ಬಿಟ್ಟಳು, ಒತ್ತಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇದು ನಮ್ಮ ಮದುವಿ ಶೂಟಿಂಗ್ ಮಾಡಿದವಗ ಬಿ ಗೊತ್ತಿತ್ತು?"

"ಗೊತ್ತಿತ್ತು."

"ನಿಮಗ?"

ಬಿಳಿ ಅಂಗಿಯ ವಿಷಯವೆಲ್ಲ ಆಗ ಹೇಳಿದೆ. ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆದರೂ ಆ ಮದುವೆಯ ಶೂಟಿಂಗ್ ಮಾಡಿದಳು. ಜನಾನಾದ ಕ್ಯಾಸೆಟ್ಟು ನಾನು ಇವತ್ತಿಗೂ ನೋಡಿಲ್ಲ, ನೋಡುವ ಹಾಗೂ ಇಲ್ಲ. ಅದನ್ನು ನೋಡಿದ ಹೆಂಗಸರು ಇನ್ನೊಂದು ಮನೆಗೆ ಹೇಳಿದರು, ಆ ಮನೆಯವರು ಮತ್ತೊಂದಕ್ಕೆ. ಒಂದು ವರ್ಷದಲ್ಲಿ ನನಗಿಂತ ಅವಳಿಗೆ ಕೆಲಸ ಹೆಚ್ಚಾಯಿತು. ಮನೆ ಮುಂದೆ ಬಂದವರು "ಶೂಟಿಂಗ್ ಅಕ್ಕ ಇದ್ದಾಳೇನು?" ಎಂದು ಕೇಳುತ್ತಿದ್ದರು. ಚಹಾದಂಗಡಿಯಲ್ಲಿ ನನ್ನ ಗೆಳೆಯರು ಬಿಡಲಿಲ್ಲ.

"ಏನಪಾ, ಹೆಂಡ್ತಿ ಡೈರೆಕ್ಟರ್, ಗಂಡ ಲೈಟ್ ಹಿಡಿಯಾಂವ?"

"ಹೌದು. ನಿಮ್ಮನಿಯಾಗ ಯಾರ್ ಡೈರೆಕ್ಟರ್ ಅಂತ ಓಣಿಗೆಲ್ಲಾ ಕೇಳಸ್ತದ. ಚಹಾ ಕುಡಿ."

ಬಾಯಲ್ಲಿ ಹೀಗೆ ಹೇಳಿದರೂ ಒಳಗೆ ಕುಟುಕುತ್ತಿತ್ತು. ಅದನ್ನು ಮುಚ್ಚಿಡುವುದಿಲ್ಲ. ಮುಂದೆ ನಾನು ಮಾಡಿದ ತಪ್ಪಿಗೆ ಅದೂ ಕಾರಣವಿರಬಹುದು.

ಅಂಥದ್ದೇ ಒಂದು ಮದುವೆಗೆ ಹೈದರಾಬಾದಿನಿಂದ ಒಬ್ಬ ಹೆಣ್ಣುಮಗಳು ಬಂದಿದ್ದರು, ಕಾಲೇಜಿನಲ್ಲಿ ಕಲಿಸುವವರು. ಇವಳು ಕ್ಯಾಮರಾ ಹೊತ್ತು ಓಡಾಡುವುದನ್ನು ನೋಡಿ ಪಕ್ಕದಲ್ಲಿ ಕೂಡಿಸಿಕೊಂಡು ಮಾತಾಡಿಸಿದರಂತೆ. ಅಮೇರಿಕಾದಲ್ಲಿ ನಿನ್ನ ಹಾಗೆಯೇ ಒಬ್ಬಳಿದ್ದಾಳೆ, ಕರಿಯ ಜನರವಳು, ಆ ಜನರ ಹೆಂಗಸರು ಯಾರೂ ಸಿನಿಮಾ ಮಾಡದ ಕಾಲದಲ್ಲಿ ಮಾಡಿದವಳು ಎಂದರಂತೆ. ಎರಡು ತಿಂಗಳ ಮೇಲೆ ಊರಿಗೆ ಬಂದವರ ಕೈಯಲ್ಲಿ ಒಂದು ಕ್ಯಾಸೆಟ್ಟು ಕಳಿಸಿದರು.

ವಿಸಿಆರ್ ಬಾಡಿಗೆಗೆ ತಂದು ಹಚ್ಚಿದೆವು. ಒಗೆದು ಹಾಕಿದ ಬಟ್ಟೆ ಗಾಳಿಗೆ ಹಾರಿದ ಹಾಗೆ ಚಿತ್ರ ಮೇಲೆ ಕೆಳಗೆ ಉರುಳಿತು. ಬಣ್ಣವಿಲ್ಲ. ಬಾಡಿಗೆ ಅಂಗಡಿಯವನು ಕ್ಯಾಸೆಟ್ಟು ತಿರುಗಿಸಿ ನೋಡಿ, "ಅಮೇರಿಕಾದ್ದು ನಮ್ಮ ಮಷಿನ್ದಾಗ ನಡಿಯಂಗಿಲ್ರಿ. ಸೌದಿಯಿಂದ ತಂದ ಮಷಿನ್ ಬೇಕು, ಅದರಾಗ ಎಲ್ಲಾ ದೇಶದ್ದು ನಡೀತದ," ಎಂದ. ಹುಮನಾಬಾದದಲ್ಲಿ ಒಂದು ಮನೆ ಅವಳಿಗೆ ನೆನಪಾಯಿತು. ಅವರ ಮಗಳ ಮದುವೆ ಇವಳೇ ತೆಗೆದಿದ್ದಳು, ಮಗ ಸೌದಿಯಲ್ಲಿದ್ದ. ಬಸ್ ಹಿಡಿದು ಹೋದೆವು.

ಮಧ್ಯಾಹ್ನ. ಆ ಮನೆಯ ಕಿರಿಯ ಮಗಳು ಬಿ.ಎ. ಓದುತ್ತಿದ್ದಳು, ಇಂಗ್ಲಿಷ್ ಬರುತ್ತಿತ್ತು. ಮಂಚದ ಮೇಲೆ ಅವಳ ಅಜ್ಜಿ ಅಡಿಕೆ ಕುಟ್ಟುತ್ತ ಕೂತಿದ್ದರು. ನಾನು ಬಾಗಿಲ ಹತ್ತಿರ ಕುರ್ಚಿಯಲ್ಲಿ. ಚಿತ್ರ ಈ ಸಲ ಅಲುಗಾಡದೆ ನಿಂತಿತು. ನರೆಗೂದಲಿನ, ದಪ್ಪ ಕನ್ನಡಕದ, ಅಚ್ಚ ಕಪ್ಪು ಹೆಂಗಸೊಬ್ಬಳು ಕುರ್ಚಿಯಲ್ಲಿ ಕೂತು ತನ್ನ ಕತೆ ಹೇಳುತ್ತಿದ್ದಳು. ಅವಳ ಮುಖದ ಒಂದೊಂದು ಗೆರೆಯೂ ಕಾಣುತ್ತಿತ್ತು. ಹುಡುಗಿ ಸ್ವಲ್ಪ ಸ್ವಲ್ಪ ಹೊತ್ತಿಗೆ ನಿಲ್ಲಿಸಿ ನಮಗೆ ಬಿಡಿಸಿ ಹೇಳಿದಳು.

ಟಿವಿಯಲ್ಲಿನ ಆ ಹೆಂಗಸಿನ ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದಳಂತೆ. ಇವಳು ಸಿನಿಮಾ ಕಂಪನಿಯಲ್ಲಿ ಮೊದಲು ಟೈಪ್ ಮಾಡಿದಳು, ಆಮೇಲೆ ಬಹಳ ವರ್ಷ ಬೇರೆಯವರ ಸಿನಿಮಾ ಕತ್ತರಿಸಿ ಅಂಟಿಸುವ ಕೆಲಸ ಮಾಡಿದಳು. ಕ್ಯಾಮರಾ ಕೇಳಿದರೆ ನಕ್ಕರಂತೆ. ಅಲ್ಲಿ ಬಣ್ಣ ಸರಿಯಿದೆಯೋ ಇಲ್ಲವೋ ನೋಡಲು ಒಬ್ಬ ಬಿಳಿ ಹುಡುಗಿಯ ಫೋಟೋ ಇಟ್ಟುಕೊಳ್ಳುತ್ತಿದ್ದರು. ಆ ಹುಡುಗಿ ಸರಿ ಕಂಡರೆ ಎಲ್ಲ ಸರಿ.

"ಬಿಳಿ ಅಂಗಿ," ಎಂದಳು ನನ್ನ ಹೆಂಡತಿ, ನನ್ನ ಕಡೆ ನೋಡದೆ.

ಮೊದಲ ಸಿನಿಮಾವನ್ನು ಆ ಮುದುಕಿ ತನ್ನ ಚಿಕ್ಕಮ್ಮನ ಅಡುಗೆಮನೆಯಲ್ಲಿ ತೆಗೆದಳಂತೆ. ಶನಿವಾರ ಭಾನುವಾರ ಮಾತ್ರ, ಉಳಿದ ದಿನ ನೌಕರಿ. ಬಂಧುಬಳಗದವರೇ ಪಾತ್ರ. ದೊಡ್ಡ ಟಾಕೀಸಿನವರು ಯಾರೂ ಹಚ್ಚಲಿಲ್ಲ. ರೀಲು ಕಾರಿನಲ್ಲಿ ಹಾಕಿಕೊಂಡು ಚರ್ಚು, ಕಾಲೇಜು ತಿರುಗಿ ತಾನೇ ತೋರಿಸಿದಳು. ಪೇಪರಿನವರು ಆಮೇಲೆ ಹೊಗಳಿದರು. ಹೊಗಳಿದ ಮೇಲೂ ಎರಡನೆಯ ಸಿನಿಮಾಕ್ಕೆ ಎಷ್ಟೋ ವರ್ಷ ಕಾಯಬೇಕಾಯಿತು, ನಡುವೆ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆದಳು.

ಮಂಚದ ಮೇಲಿನ ಅಜ್ಜಿ ಅಡಿಕೆ ಕುಟ್ಟುವುದನ್ನು ನಿಲ್ಲಿಸಿ, "ಇಸ್ಕು ಬಚ್ಚೇ ಹೈಂ ಕೀ ನೈಂ?" ಎಂದು ಕೇಳಿದರು.

"ದಾದಿ, ಮಕ್ಕಳ ವಿಷಯ ಆಕಿ ಹೇಳ್ಯಾಳೇ ಇಲ್ಲ. ಸಿನಿಮಾದ್ದು ಹೇಳಾಕತ್ತಾಳ, ಸುಮ್ಮ ಕೇಳ್ರಿ."

ಆಮೇಲೆ ಆ ಮುದುಕಿ ಲೈಟಿನ ವಿಷಯಕ್ಕೆ ಬಂದಳು. ನಾನು ಕುರ್ಚಿ ಮುಂದೆ ಎಳೆದುಕೊಂಡೆ. ಕಪ್ಪು ಮುಖಕ್ಕೆ ಲೈಟು ನೇರ ಹೊಡೆಯಬಾರದಂತೆ. ದೊಡ್ಡ ಬಿಳಿ ಬಟ್ಟೆಗೆ ಹೊಡೆದು, ಅಲ್ಲಿಂದ ತಿರುಗಿ ಬಂದ ಬೆಳಕನ್ನು ಪಕ್ಕದಿಂದ ಬೀಳಿಸಬೇಕು. ಪೌಡರ್ ಬೇಡ, ಕೆನ್ನೆಗೆ ಒಂದಿಷ್ಟು ಎಣ್ಣೆ. ಕಪ್ಪು ಬಣ್ಣ ಬೆಳಕನ್ನು ಹಿಡಿದು ಹೊಳೆಯುತ್ತದೆ. ಅವಳ ಚಿಕ್ಕಮ್ಮ ಪರದೆಯ ಮೇಲೆ ತನ್ನ ಮುಖ ನೋಡಿ ಚೆಂದ ಇದೆ ಅನ್ನಲಿಲ್ಲವಂತೆ, "ನನ್ನ ಹಣೆಯ ಗಾಯ ಕೂಡ ಕಾಣುತ್ತಿದೆ" ಅಂದಳಂತೆ. ಇದನ್ನು ಹೇಳುವಾಗ ಆ ಮುದುಕಿ ಕನ್ನಡಕ ತೆಗೆದು ಒರೆಸಿಕೊಂಡಳು.

ಬರುವಾಗ ಬಸ್ಸಿನಲ್ಲಿ ನನ್ನ ಹೆಂಡತಿ ಹೇಳಿದಳು, "ನಾ ಬಿ ಒಂದು ತಗೀತೀನಿ. ಮದುವಿಗಿ ಅಡಗಿ ಮಾಡಾವ್ರು, ಭಾಂಡಿ ತಿಕ್ಕಾವ್ರು, ಅಜ್ಜಿದೇರು. ಯಾವ ಕ್ಯಾಸೆಟ್ಟಿನಾಗ ಬಿ ಬರಂಗಿಲ್ಲಲ್ಲ, ಅವ್ರದು."

"ಯಾರ್ ನೋಡ್ತಾರ?"

"ಅವ್ರೇ ನೋಡ್ತಾರ."

ಅವತ್ತಿನಿಂದ ನಾನು ಬಿಳಿ ಚಾದರ ಹಿಡಿಯುವುದನ್ನು ಕಲಿತೆ. ಮೊದಲು ನನ್ನ ಮೇಲೆ ಪ್ರಯೋಗವಾಯಿತು. ಕೆನ್ನೆಗೆ ಎಣ್ಣೆ ಹಚ್ಚಿಸಿಕೊಂಡು ಬಾಗಿಲಲ್ಲಿ ಕೂತಿದ್ದೆ, ಚಿಕ್ಕಮ್ಮ ಬಂದು "ಇವಗ ದೃಷ್ಟಿ ತಗೀಲಾಕತ್ತೀಯೇನು?" ಎಂದಳು. ಟಿವಿಯಲ್ಲಿ ನೋಡಿದೆ. ನನ್ನ ತಂದೆಯ ಮುಖ ನನ್ನ ಮುಖದಲ್ಲಿ ಇದೆ ಎಂಬುದು ಅವತ್ತು ಗೊತ್ತಾಯಿತು.

ಅವಳು ಪ್ರತಿ ಮದುವೆಯಲ್ಲೂ ಕೆಲಸ ಮುಗಿದ ಮೇಲೆ ಹಿತ್ತಲು, ಅಡುಗೆಮನೆ ಕಡೆ ಹೋಗಿ ಹತ್ತಿಪ್ಪತ್ತು ನಿಮಿಷ ತನಗಾಗಿ ತೆಗೆಯತೊಡಗಿದಳು. ನಮ್ಮ ಧಂದೆಯಲ್ಲಿ ಒಂದು ಪದ್ಧತಿ ಇತ್ತು. ಕ್ಯಾಮರಾದಲ್ಲಿ ತೆಗೆದ ಅಸಲಿ ಕ್ಯಾಸೆಟ್ಟಿನಿಂದ ಮಿಕ್ಸಿಂಗ್ ಮಾಡಿಸಿ, ಹಾಡು ಹೂವು ಹಾಕಿಸಿ, ಬೇರೆ ಕ್ಯಾಸೆಟ್ಟು ಮನೆಯವರಿಗೆ ಕೊಡುವುದು. ಅಸಲಿಯ ಮೇಲೆ ಮುಂದಿನ ಮದುವೆ ತೆಗೆಯುವುದು. ಒಂದು ಅಸಲಿಯಲ್ಲಿ ಐದಾರು ಮದುವೆ ಒಂದರ ಮೇಲೊಂದು ಹತ್ತಿ ಅಳಿಯುತ್ತಿದ್ದವು. ಕ್ಯಾಸೆಟ್ಟಿನ ಬೆನ್ನ ಮೂಲೆಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಚಕ್ಕೆ ಇರುತ್ತದೆ. ಅದನ್ನು ಮುರಿದರೆ ಆಮೇಲೆ ಅದರ ಮೇಲೆ ಏನೂ ತೆಗೆಯಲು ಬರುವುದಿಲ್ಲ, ಇದ್ದದ್ದು ಇದ್ದ ಹಾಗೆ ಉಳಿಯುತ್ತದೆ. ಅವಳು ಮುರಿಯುತ್ತೇನೆಂದಳು. ಕ್ಯಾಸೆಟ್ಟು ಕೆಡಿಸಬೇಡ ಎಂದೆ. ಸರಿ ಎಂದು, ತನಗೆ ಬೇಕಾದ ಅಸಲಿಗಳಿಗೆ ಕೆಂಪು ದಾರ ಸುತ್ತಿ ಇಡತೊಡಗಿದಳು.

"ದಾರ ಇದ್ದದ್ದು ಮುಟ್ಟಬ್ಯಾಡ್ರಿ."

"ಮುಟ್ಟಂಗಿಲ್ಲ."

ಹುಡಗಿಯ ಮದುವೆ ಬಂದದ್ದು ಆಗ. ಊರಿನ ಹೆಸರೇ ಹುಡಗಿ, ಹುಮನಾಬಾದಕ್ಕೆ ಹತ್ತಿರ. ದೊಡ್ಡ ಹೊಲದವರ ಮನೆ. ಮದುವಣಗಿತ್ತಿಯನ್ನು ಮಂಠಾಳಕ್ಕೆ ಕೊಡುತ್ತಿದ್ದರು. ಓಡಾಟವೆಲ್ಲ ಅವಳ ಸೋದರಮಾವನದು. ನನ್ನನ್ನು ಮೂಲೆಗೆ ಕರೆದ.

"ನೋಡಪಾ, ನಮ್ಮ ಹುಡುಗಿ ಬಣ್ಣ ಜರಾ ಕಡಿಮಿ. ಕ್ಯಾಸೆಟ್ಟಿನಾಗ ಬೆಳ್ಳಗ ಬರಬೇಕು. ಬೀಗರ ಊರೆಲ್ಲಾ ಕುಂತ್ ನೋಡ್ತದ."

"ಬರತದ್ರಿ."

"ಖರೇನ?"

"ಖರೇರಿ. ಅದಕ್ಕೇನು, ನಮ್ಮ ಕೈಯಾಗ ಅದ."

ಒಳಗೆ ನನ್ನ ಹೆಂಡತಿ ಮದುವಣಗಿತ್ತಿಯ ಮುಖದ ಪೌಡರನ್ನು ಸೆರಗಿನಿಂದ ಒರೆಸುತ್ತಿದ್ದಳು. ಆ ಹುಡುಗಿಯ ಗದ್ದದ ಮೇಲೆ ಎಳೆ ವಯಸ್ಸಿನ ಸುಟ್ಟ ಕಲೆ ಇತ್ತು.

"ಅಕ್ಕಾ, ಮಾಮಾ ಬೈತಾನ."

"ಬೈಲಿ ಬಿಡು. ನೀ ಇತ್ಲಾಗ ನೋಡು. ನಗಬ್ಯಾಡ, ಸುಮ್ಮ ನೋಡು."

ನಾನು ಕಿಟಕಿಯಾಚೆ ಬಿಸಿಲಲ್ಲಿ ಚಾದರ ಹಿಡಿದು ನಿಂತೆ. ನಂತರ ಅವಳು ಅಡುಗೆಮನೆಗೆ ಹೊರಟಳು. ಬಾಗಿಲಲ್ಲಿ ಒಬ್ಬ ಹಿರಿಯ ಹೆಂಗಸು ತಡೆದಳು.

"ಯಾವ ಊರವ್ವ ನಿಂದು? ಯಾವ ಓಣಿ?"

ಹೇಳಿದಳು. ನಾವು ಬೌದ್ಧರು. ಓಣಿಯ ಹೆಸರು ಹೇಳಿದರೆ ಸಾಕು, ನಮ್ಮ ಕಡೆ ಎಲ್ಲರಿಗೂ ತಿಳಿಯುತ್ತದೆ.

"ಹಂಗಾದ್ರ ಹೊಸ್ತಿಲ ಹೊರಗೇ ನಿಂತು ತಕ್ಕೋ ತಂಗಿ. ಒಳಗ ಮಡಿ ಅಡಗಿ ನಡ್ದದ."

ನನಗೆ ಸಿಟ್ಟು ಬಂತು, ಚಾದರ ಸುತ್ತಿಬಿಡುತ್ತಿದ್ದೆ. ಅವಳು ಹೊಸ್ತಿಲ ಹೊರಗೆ ಮೊಣಕಾಲೂರಿ ಕೂತು ಕ್ಯಾಮರಾ ಕೆಳಗಿಟ್ಟು ತೆಗೆದಳು. ಬಾಗಿಲ ಚೌಕಟ್ಟು ಎರಡು ಕಡೆ, ನಡುವೆ ಹೊಗೆ, ಹೊಗೆಯಲ್ಲಿ ಹೋಳಿಗೆ ಲಟ್ಟಿಸುವ ನಾಲ್ಕು ಹೆಂಗಸರು, ಅವರ ನಡುವೆ ಮದುವಣಗಿತ್ತಿಯ ಅಜ್ಜಿ. ಮುದುಕಿಯ ಮುಖದ ಒಂದು ಪಕ್ಕಕ್ಕೆ ಮಾತ್ರ ಹಿತ್ತಲ ಬಾಗಿಲ ಬೆಳಕು. ಮನೆಗೆ ಬಂದು ಹಚ್ಚಿ ನೋಡಿದಾಗ ಅವಳು ಟಿವಿಗೆ ಹತ್ತಿರ ಸರಿದು ಕೂತಿದ್ದಳು. "ಇದೇ," ಎಂದಳು. "ನನ್ನ ಸಿನಿಮಾ ಇಲ್ಲಿಂದ ಶುರು." ಕ್ಯಾಸೆಟ್ಟಿಗೆ ಕೆಂಪು ದಾರ ಸುತ್ತಿದಳು.

ಮಿಕ್ಸಿಂಗಿಗೆ ಹುಮನಾಬಾದಕ್ಕೆ ನಾನೊಬ್ಬನೇ ಹೋದೆ. ಅವಳಿಗೆ ಅವತ್ತು ಜ್ವರ.

"ಹುಡುಗಿ ಬೆಳ್ಳಗ ಆಗಬೇಕು," ಎಂದೆ ಮಿಕ್ಸಿಂಗಿನವನಿಗೆ.

"ಎಷ್ಟ್ ಬೆಳ್ಳಗ?"

"ಬೀಗರು ಖುಷಿ ಆಗೋವಷ್ಟು."

ಅವನು ಗುಂಡಿ ತಿರುಗಿಸಿದ. ಹುಡುಗಿಯ ಮುಖ ಜೋಳದ ಹಿಟ್ಟಾಯಿತು. ಗದ್ದದ ಕಲೆ ಹೋಯಿತು. ಮೂಗು ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಗುತ್ತದೆಂದು ತಿಳಿಯಲಿಲ್ಲ. ಅಡುಗೆಮನೆಯ ಭಾಗ ಬೇಡ ಎಂದೆ. ಕಮಲ ಹಾಕಿದ, ಹಾಡು ಹಾಕಿದ. ಸೋದರಮಾವ ನೋಡಿ ನನ್ನ ಬೆನ್ನು ತಟ್ಟಿದ.

ಮರುದಿನ ಹುಮನಾಬಾದದಲ್ಲಿ ಒಂದು ಅಂಗಡಿಯ ಪೂಜೆ, ಭಾಷಣ, ಊಟ ಎಲ್ಲ ಇಡೀ ದಿನ ತೆಗೆಯುವುದಿತ್ತು. ಚೀಲದಲ್ಲಿ ಖಾಲಿ ಕ್ಯಾಸೆಟ್ಟು ಇರಲಿಲ್ಲ, ಕೆಂಪು ದಾರದ್ದು ಇತ್ತು. ಹೊಸದು ತರಬಹುದಿತ್ತು, ಕ್ಯಾಸೆಟ್ಟಿನಂಗಡಿ ನೂರು ಹೆಜ್ಜೆ ದೂರವೂ ಇರಲಿಲ್ಲ. ದಾರ ನನ್ನ ಕಣ್ಣಿಗೆ ಬಿದ್ದಿತ್ತು. ಬಿಚ್ಚಿದೆ. ಗುರುತು ಹಿಡಿಯಲಿಲ್ಲ, ಮರೆತೆ ಎಂದು ಆಮೇಲೆ ಅವಳಿಗೆ ಹೇಳಿದ್ದು ಸುಳ್ಳು. ಹೊಸ್ತಿಲ ಹೊರಗೆ ಕೂಡಿಸಿದವರ ಅಡುಗೆಮನೆ, ಇದನ್ನೇನು ಇಟ್ಟು ಪೂಜೆ ಮಾಡುವುದು ಎಂದುಕೊಂಡೆ. ಅವಳ ಕೆಲಸ ನನ್ನ ಕೆಲಸಕ್ಕಿಂತ ದೊಡ್ಡದಲ್ಲ ಎಂದೂ ಎಲ್ಲೋ ಅಂದುಕೊಂಡಿರಬೇಕು.

ಜ್ವರ ಇಳಿದ ಮೇಲೆ ಅವಳು ಅಸಲಿ ಕೇಳಿದಳು. ಕೊಟ್ಟೆ. ಹಚ್ಚಿದಳು. ಅಂಗಡಿಯ ಪೂಜೆ ಬಂತು, ತೆಂಗಿನಕಾಯಿ ಒಡೆಯುವುದು ಬಂತು, ಬಿಳಿ ಅಂಗಿಯ ಒಬ್ಬ ರಿಬ್ಬನ್ ಕತ್ತರಿಸಿದ. ಪೂರ್ತಿ ಮುಗಿಯುವ ತನಕ ನೋಡಿದಳು. ಕೊನೆಗೆ ಎಲ್ಲಾದರೂ ಒಂದು ಚೂರು ಉಳಿದಿರಬಹುದು ಎಂಬ ಆಸೆ. ಉಳಿದಿರಲಿಲ್ಲ. ನಂತರ ಮಿಕ್ಸಿಂಗ್ ಆದದ್ದರ ನಕಲು ಹಚ್ಚಿದಳು. ಹಿಟ್ಟಿನ ಮುಖ ಬಂದೊಡನೆ ಬಂದ್ ಮಾಡಿದಳು.

"ನಮ್ಮ ಮದುವಿ ತಗದವ ನನ್ನ ಕರ್ರಗ ಮಾಡಿ ಅಳಿಸಿದ. ನೀವು ಆಕಿನ್ನ ಬೆಳ್ಳಗ ಮಾಡಿ ಅಳಿಸಿದ್ರಿ."

"ಅವ್ರ ಮಾಮಾನೇ ಕೇಳ್ಯಾನ. ಗಿರಾಕಿ ಕೇಳಿದ್ದು ಕೊಡಬೇಕು. ನಾವೇನ್ ಅಮೇರಿಕಾದಾಗ ಇದ್ದೀವೇನು?"

"ಆಕಿ ಬಿ ಅಮೇರಿಕಾದಾಗ ಇರಲಿಲ್ಲ. ಚಿಗವ್ವನ ಅಡಗಿಮನಿಯಾಗ ಇದ್ದಳು."

ಕ್ಯಾಮರಾವನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಟ್ರಂಕಿನ ಮೇಲಿಟ್ಟು, ಮೇಲೆ ಹಾಸಿಗೆ ಮಡಚಿ ಹೇರಿದಳು. ಹೊಲಿಗೆ ಮಷಿನ್ ತೆಗೆದು ಓಣಿಯವರ ಜಂಪರ್ ಹೊಲಿಯಲು ಕೂತಳು. ಊಟ ಹಾಕುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಕ್ಯಾಮರಾದ ಮಾತು ಎತ್ತಿದರೆ ಮಷಿನ್ ಜೋರಾಗಿ ತುಳಿಯುತ್ತಿದ್ದಳು. ಬೇಕಾದಾಗ ಹಾಸಿಗೆ ಸರಿಸಿ ಕ್ಯಾಮರಾ ಒಯ್ದು ನಾನು ಗಂಡಸರ ಕಡೆ ಶೂಟಿಂಗ್ ಮಾಡಿ ಬಂದು ಮತ್ತೆ ಅಲ್ಲೇ ಇಡುತ್ತಿದ್ದೆ. ಜನಾನಾದ ಕೆಲಸ ಹೋಯಿತು. ಅಕ್ಕನಿಗೆ ಆರಾಮಿಲ್ಲ ಎಂದು ಹೇಳಿ ಕಳಿಸುತ್ತಿದ್ದೆ. ಒಳಗೆ ಮಷಿನಿನ ಸದ್ದು ಬಂದವರಿಗೂ ಕೇಳುತ್ತಿತ್ತು.

ನಾಲ್ಕೈದು ತಿಂಗಳಾಗಿರಬೇಕು. ಒಂದು ಬೆಳಗ್ಗೆ ಆ ಮದುವಣಗಿತ್ತಿ ಬಸ್ ಇಳಿದು ಮನೆ ಹುಡುಕಿಕೊಂಡು ಬಂದಳು. ಕೈಚೀಲದಿಂದ ಕ್ಯಾಸೆಟ್ಟು ತೆಗೆದು ಹೊಲಿಗೆ ಮಷಿನ್ ಮೇಲಿಟ್ಟಳು.

"ಅಕ್ಕಾ, ಇದು ಯಾರು?"

ನನ್ನ ಹೆಂಡತಿ ಕ್ಯಾಸೆಟ್ಟನ್ನು ಪಕ್ಕಕ್ಕೆ ಸರಿಸಿದಳು.

"ಮಂಠಾಳದಾಗ ನನಗ ಹೆಸರಿಟ್ಟಾರ, ಗೊತ್ತದೇನು? ಮನಿಗಿ ಯಾರರ ಬಂದ್ರ ನಮ್ಮ ನಾದಿನಿ ಕ್ಯಾಸೆಟ್ ಹಚ್ತಾಳ. ಹಚ್ಚಿ ಏನಂತಾಳ? 'ನಮ್ಮಣ್ಣಗ ಎರಡು ಹೆಂಡ್ರು. ಇಕಿ ಕ್ಯಾಸೆಟ್ಟಿನ ಸೊಸಿ, ಅಕಿ ಮನಿ ಸೊಸಿ. ಇಕಿ ಬೆಳ್ಳಗ ಇದ್ದಾಳ, ಖರೇ, ಆದ್ರ ಕೆಲಸ ಮಾಡಂಗಿಲ್ಲ.' ಎಲ್ಲಾರು ನಗ್ತಾರ. ಅತ್ತಿ ಬಿ ನಗ್ತಾಳ. ನಾ ಚಹಾ ತಗೊಂಡು ಬಂದ್ರ ಟಿವಿ ಕಡಿ ಒಮ್ಮಿ, ನನ್ನ ಕಡಿ ಒಮ್ಮಿ ನೋಡ್ತಾರ. ನಾ ಕರ್ರಗಿದ್ದೀನಿ ಅಂತ ಮೊದಲು ಯಾರೂ ಅಂದಿರಲಿಲ್ಲಕ್ಕಾ. ಇದು ನೋಡಿದ ಮ್ಯಾಲ ಅನ್ನಾಕತ್ತಾರ."

ಅವಳ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು.

"ನೀ ಅವತ್ತು ಪೌಡರ್ ಒರಸಿ ತಗದಿದ್ದಿ. ಆ ಮುಖ ಎಲ್ಲಿ ಹೋಯ್ತು?"

ಹೆಂಡತಿ ನನ್ನ ಹೆಸರು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಸೂಜಿಗೆ ದಾರ ಪೋಣಿಸುತ್ತಿದ್ದಳು. ಬಾಗಿಲಿಂದ ಆಚೆ ಹೋಗಿಬಿಡಬಹುದಿತ್ತು ನಾನು.

"ನಾ ಮಾಡಿದ್ದು ತಂಗಿ," ಎಂದೆ. "ಆಕಿ ಬರೋಬ್ಬರಿ ತಗದಿದ್ದಳು. ನಾ ಬೆಳ್ಳಗ ಮಾಡಿಸಿದೆ. ಅಸಲಿ ಬಿ ನಾನೇ ಅಳಿಸಿದೆ. ದಾರ ಕಂಡಿತ್ತು. ಕಂಡೇ ಬಿಚ್ಚಿದೆ."

ದಾರ ಪೋಣಿಸುತ್ತಿದ್ದ ಅವಳ ಕೈ ನಿಂತಿತು. ಮರೆತೆ ಎಂಬ ನನ್ನ ಸುಳ್ಳನ್ನು ಅವಳು ಅಷ್ಟು ದಿನ ನಂಬಿದ್ದಳೋ ಇಲ್ಲವೋ ನಾನು ಕೇಳಿಲ್ಲ.

"ಹಂಗಾದ್ರ ಮತ್ತೊಮ್ಮಿ ತಗೀರಿ," ಎಂದಳು ಬಂದ ಹುಡುಗಿ.

"ಮದುವಿ ಎರಡ್ ಸಲ ಹ್ಯಾಂಗ ತಗೀಲಿ?"

"ಮದುವಿ ಯಾರಿಗಿ ಬೇಕಣ್ಣಾ? ಮುಖ ತಗೀರಿ."

ನನ್ನ ಹೆಂಡತಿ ಎದ್ದಳು. ಟ್ರಂಕಿನ ಮೇಲಿನ ಹಾಸಿಗೆ ತೆಗೆದು ಕೆಳಗೆ ಹಾಕಿದಳು. "ಪಂಚಮಿಗಿ ತವರಿಗಿ ಬರ್ತೀಯಿಲ್ಲ? ಅಲ್ಲೇ ತಗೀತೀನಿ, ಅದೇ ಅಡಗಿಮನಿಯಾಗ. ನಿಮ್ಮಜ್ಜಿನ್ನ ಕೇಳಿ ಇಡು," ಎಂದಳು. ನನ್ನ ಕಡೆ ತಿರುಗದೆ, "ಹೊಸಾ ಕ್ಯಾಸೆಟ್ ತರ್ರಿ," ಎಂದಳು. ಅವಳು ಕ್ಯಾಮರಾದ ಮಾತಾಡಿದ್ದು ಅಷ್ಟು ತಿಂಗಳಲ್ಲಿ ಅದೇ ಮೊದಲು.

ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ. ಹುಡಗಿಗೆ ಹೋದೆವು. ಒಳಗೆ ಬಾ ಎಂದು ಈ ಸಲವೂ ಯಾರೂ ಅನ್ನಲಿಲ್ಲ. ಇವಳು ಹೊಸ್ತಿಲ ಹೊರಗೆ ಕೂತಳು. ಆ ಅಜ್ಜಿ ಒಳಗಿಂದ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗೋಡೆ ಹಿಡಿದು ಎದ್ದು, ಹೊಸ್ತಿಲು ದಾಟಿ ಬಂದು ಅಂಗಳದಲ್ಲಿ ಇವಳ ಎದುರೇ ಕೂತಳು.

"ಒಳಗ ನನಗ ಕಣ್ಣು ಕಾಣಂಗಿಲ್ಲ. ಏನ್ ಕೇಳ್ತಿ ಇಲ್ಲೇ ಕೇಳವ್ವ."

ಮೊಮ್ಮಗಳು ಅವಳ ಪಕ್ಕದಲ್ಲಿ ಕೂತಳು. ಗದ್ದದ ಕಲೆ ಹೇಗಾಯಿತೆಂದು ಇವಳು ಕೇಳಿದಳು. ಪಂಚಮಿಯ ಚಕ್ಕುಲಿ ಕರಿಯುವಾಗ ಎಣ್ಣೆ ಸಿಡಿದದ್ದು ಎಂದಳು ಹುಡುಗಿ. "ಸಿಡಿದದ್ದಲ್ಲ, ನೀ ಕದ್ದು ಕೈ ಹಾಕಿದ್ದಿ," ಎಂದಳು ಅಜ್ಜಿ. ಅಲ್ಲಿಂದ ಮಾತು ಬೆಳೆಯಿತು. ಅಜ್ಜಿ ತನ್ನ ಮದುವೆಯದು ಹೇಳಿದಳು, ತನ್ನ ಅತ್ತೆ ಮೊದಲ ದಿನ ಮುಖ ನೋಡಿ ಅಂದ ಮಾತು ಹೇಳಿದಳು, ಆ ಮಾತು ಇವತ್ತಿಗೂ ಇಲ್ಲಿದೆ ಎಂದು ಎದೆ ಮುಟ್ಟಿಕೊಂಡಳು. ನಡುವೆ ಸೋದರಮಾವ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಇದೇನ್ ನಡ್ಸೀರಿ? ಯಾವ ಸಿನಿಮಾ ಇದು?"

"ಸರೀಲೇ ಅತ್ಲಾಗ," ಎಂದಳು ಅಜ್ಜಿ. "ನಿನ್ನ ನೆರಳು ನನ್ನ ಮಾರಿ ಮ್ಯಾಲ ಬೀಳ್ತದ."

ಅವನು ಸರಿದ. ನಾನು ಚಾದರ ಬಿಗಿಯಾಗಿ ಹಿಡಿದು ನಿಂತೆ.

ಮಿಕ್ಸಿಂಗಿಗೆ ಈ ಸಲ ಅವಳೇ ಕೂತಳು. "ಕಮಲ ಎಲ್ಲಿ ಹಾಕ್ಲಿ ಅಕ್ಕೋರ?" ಎಂದು ಅವನು ಕೇಳಿದ. "ಎಲ್ಲೂ ಬ್ಯಾಡ." "ಹಾಡು?" "ಬ್ಯಾಡ." "ಮತ್ ಹ್ಯಾಂಗ್ರಿ?" "ಹಾಂಗೇ." ಅರ್ಧ ತಾಸಿನದಾಯಿತು.

ಅದನ್ನು ಮೊದಲು ತೋರಿಸಿದ್ದು ಮಂಠಾಳದಲ್ಲಿ, ಆ ಹುಡುಗಿಯ ಅತ್ತೆಯ ಮನೆಯಲ್ಲಿ. ಹುಡುಗಿಯೇ ಹಠ ಹಿಡಿದು ಕರೆದಳು. ಅತ್ತೆ, ನಾದಿನಿ, ಅಕ್ಕಪಕ್ಕದ ಹೆಂಗಸರು ಹತ್ತು ಹದಿನೈದು ಮಂದಿ ಕೂತಿದ್ದರು. ನಾನು ಪಡಸಾಲೆಯ ಕಂಬದ ಹತ್ತಿರ ನಿಂತಿದ್ದೆ. ಮುಖ ಬಂತು, ಹಾಡಿಲ್ಲದೆ, ಹೂವಿಲ್ಲದೆ.

"ಅಯ್ಯ, ಇದೇನು, ಬಾಜಿ ಬಜಂತ್ರಿ ಏನೂ ಇಲ್ಲ?" ಎಂದಳು ನಾದಿನಿ.

ಟಿವಿಯಲ್ಲಿ ಅಜ್ಜಿ ತನ್ನ ಅತ್ತೆಯ ಮಾತು ಹೇಳಿ ಎದೆ ಮುಟ್ಟಿಕೊಂಡಾಗ ಕೂತಿದ್ದ ಹೆಂಗಸರಲ್ಲಿ ಒಬ್ಬಿಬ್ಬರು ತಲೆ ಕೆಳಗೆ ಹಾಕಿದರು. ಮುಗಿಯಿತು. ಹುಡುಗಿಯ ಅತ್ತೆ ಖಾಲಿ ಟಿವಿಯ ಹತ್ತಿರ ಸರಿದಳು. ಅವಳೂ ಕಪ್ಪು, ಸೊಸೆಗಿಂತ ಕಪ್ಪು. ಅದನ್ನು ನಾನು ಆಗಲೇ ಗಮನಿಸಿದ್ದು.

"ಗದ್ದದ ಕಲಿ ಬಿ ಕಾಣ್ತದಲ್ಲ," ಎಂದಳು. ನಂತರ ನನ್ನ ಹೆಂಡತಿಗೆ, "ನಮ್ಮ ಮದುವ್ಯಾಗ ಫೋಟೋನೇ ಇರಲಿಲ್ಲವ್ವ. ನಂದ್ ಬಿ ತಗೀತೀಯೇನು?" ಎಂದಳು.

"ತಗೀತೀನ್ರಿ. ಪೌಡರ್ ಹಚ್ಚಬ್ಯಾಡ್ರಿ."

ಅಮೇರಿಕಾದ ಆ ಮುದುಕಿಯ ಹಾಗೆ ಇವಳೂ ಕ್ಯಾಸೆಟ್ಟು ಚೀಲದಲ್ಲಿ ಹಾಕಿಕೊಂಡು ಊರೂರು ತಿರುಗಿದಳು. ನಮ್ಮ ಓಣಿಯ ವಿಹಾರದ ಅಂಗಳದಲ್ಲಿ ತೋರಿಸಿದಳು, ಮುಡಬಿಯಲ್ಲಿ, ಹುಮನಾಬಾದದ ಆ ಅಡಿಕೆ ಕುಟ್ಟುವ ಅಜ್ಜಿಯ ಮನೆಯಲ್ಲಿ. ಹೈದರಾಬಾದಿನ ಮೇಡಮ್ಮಿಗೆ ಒಂದು ನಕಲು ಕಳಿಸಿದಳು, ಉತ್ತರ ಬರಲಿಲ್ಲ. ಪೇಪರಿನಲ್ಲಿ ಏನೂ ಬರಲಿಲ್ಲ. ಈಗ ಮಂಠಾಳದ ಅತ್ತೆಯದನ್ನು ಅರ್ಧ ತೆಗೆದಿದ್ದಾಳೆ. ನಡುವೆ ನಮಗೆ ಮಗಳು ಹುಟ್ಟಿದಳು, ಕೆಲಸ ನಿಂತಿತು, ಮತ್ತೆ ಶುರುವಾಗಿದೆ. ಸಣ್ಣ ಕ್ಯಾಸೆಟ್ಟಿನ ಹೊಸ ಕ್ಯಾಮರಾಗಳು ಬಂದಿವೆ. ನಮ್ಮದು ಇನ್ನೂ ಅದೇ.

ಮೊದಲ ಸಲ ತೋರಿಸಿ ಮಂಠಾಳದಿಂದ ಮನೆಗೆ ಬಂದ ಸಂಜೆಯೇ ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಪಂಚಮಿಯ ಅಸಲಿಯ ಬೆನ್ನ ಮೂಲೆಯ ಚಕ್ಕೆ ಮುರಿದೆ. ಟಕ್ ಎಂದಿತು. ಅವಳ ಕೈಗೆ ಕೊಟ್ಟೆ. ಮುರಿದ ಜಾಗವನ್ನು ಅವಳು ಹೆಬ್ಬೆರಳಿನಿಂದ ಎರಡು ಸಲ ಮುಟ್ಟಿ ನೋಡಿದಳು. ನಂತರ ಕೆಂಪು ದಾರ ಸುತ್ತಿದಳು, ಅದನ್ನೂ ಬಿಡಲಿಲ್ಲ.